ಹದಿನೇಳರ ಮಗ್ಗಿ

ಮನೆ,
ನಿನ್ನ ಕೋಣೆಯ ಕಿಟಕಿ ಪಕ್ಕದ ಮೇಜು,
ಹದಿನಾಲ್ಕನೇ ತಾರೀಕು, ಗುರುವಾರ ಸಂಜೆ

ಪ್ರೀತಿಯ ಅಜ್ಜೀ,

ಪ್ರೀತಿಯ ಅಂತ ಬರೆದದ್ದು ಅಭ್ಯಾಸಬಲದಿಂದ. ಅದನ್ನು ಹೊಡೆದುಹಾಕೋಣ ಅಂತ ಎರಡು ಸಲ ಪೆನ್ನು ಎತ್ತಿದೆ, ಮನಸ್ಸು ಬರಲಿಲ್ಲ. ಇರಲಿ. ಹೇಗಿದ್ದೀಯ? ಬಿ.ಪಿ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯಾ? ದೊಡ್ಡಪ್ಪನ ಗೊರಕೆ ಗೋಡೆ ದಾಟಿ ಬರುತ್ತದೆ ಅಂದಿದ್ದೆ, ನಿದ್ದೆ ಆಗುತ್ತಿದೆಯಾ? ಭುಜ ಹೇಗಿದೆ? ಈ ಕೊನೆಯ ಪ್ರಶ್ನೆಗೆ ಮಾತ್ರ 'ಚೆನ್ನಾಗಿದೆ ಕಣೇ' ಅಂತ ಉತ್ತರ ಬರೆಯಬೇಡ, ಬರೆದರೂ ನಾನು ನಂಬುವುದಿಲ್ಲ. ಫೋನಿನಲ್ಲಿ ಕೇಳಿದರೆ 'ಹಲೋ, ಹಲೋ, ಏನೂ ಕೇಳಿಸ್ತಿಲ್ಲ' ಅಂತ ದೊಡ್ಡಮ್ಮನ ಕೈಗೆ ಕೊಟ್ಟು ತಪ್ಪಿಸಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು. ಓದುತ್ತಾ ಓದುತ್ತಾ ಕೆಂಪು ಪೆನ್ನು ಹುಡುಕಿ ನನ್ನ ಕಾಗುಣಿತ ತಿದ್ದಲು ಕೂರಬೇಡ. ಮೂವತ್ತೈದು ವರ್ಷ ಲೆಕ್ಕದ ಟೀಚರಾಗಿ ಊರ ಮಕ್ಕಳನ್ನೆಲ್ಲ ತಿದ್ದಿದ್ದು ಸಾಕು. ಈ ಸಲ ತಿದ್ದುವವಳು ನಾನು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಸೋಮವಾರದ ಫಿಸಿಯೋಥೆರಪಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಬರೆಯುವ ಪರೀಕ್ಷೆ ಎಲ್ಲ ಸಲೀಸಾಗಿ ಆಗಿತ್ತು, ಮೂಳೆಗಳ ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಕೈಯಲ್ಲಿ ಮಾಡಿ ತೋರಿಸಬೇಕಾದ ಒಂದೇ ಒಂದರಲ್ಲಿ ಹೋಯಿತು. ಅದೂ ಯಾವುದರಲ್ಲಿ ಗೊತ್ತಾ? ಹಿಡಿದುಕೊಂಡ ಭುಜವನ್ನು ಸಡಿಲಿಸುವುದರಲ್ಲಿ! ನಮ್ಮ ತರಗತಿಯಲ್ಲಿ ಅದು ನನ್ನಷ್ಟು ಯಾರಿಗೂ ಬರುವುದಿಲ್ಲ ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆನಲ್ಲ, ಅದರಲ್ಲೇ.

ನಿನಗೆ ಎಲ್ಲ ಗೊತ್ತಿದ್ದರೂ ಮತ್ತೆ ಹೇಳುತ್ತೇನೆ, ಏಕೆಂದರೆ ನೀನು ಮಲಗಿಕೊಂಡು ಕೇಳಿದ್ದೇ ಹೆಚ್ಚು. ಕೀಲು ಸಡಿಲಿಸುವುದಕ್ಕೆ ನಾಲ್ಕು ದರ್ಜೆಗಳಿವೆ. ಮೊದಲನೆಯದು ಮುಟ್ಟಿದೆವೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಅಲುಗಿಸುವುದು, ನಾಲ್ಕನೆಯದು ಬಿಗಿ ಸಿಕ್ಕುವ ಕೊನೆಯಲ್ಲಿ ನಿಂತು ಒತ್ತುವುದು. ಕೆಳಗಿನ ಎರಡು ನೋವಿಗೆ, ಮೇಲಿನ ಎರಡು ಬಿಗಿತಕ್ಕೆ. ನೋವಿರುವವರಿಗೆ ಮೇಲಿನದನ್ನು ಮಾಡಿದರೆ ಕೀಲು ಇನ್ನಷ್ಟು ಕೆರಳುತ್ತದೆ. ಪುಸ್ತಕದಲ್ಲಿ ಇದು ಅರ್ಧ ಪುಟ, ಕೈಗೆ ಬರಬೇಕಾದರೆ ವರ್ಷ ಬೇಕು. ಕಾಲೇಜಿನಲ್ಲಿ ನಾವು ಒಬ್ಬರ ಮೇಲೊಬ್ಬರು ಕಲಿಯುತ್ತೇವೆ. ನನ್ನ ಜೋಡಿ ಆ ಗೂಟ, ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಉದ್ದ ಇದ್ದಾನಲ್ಲ, ಅವನು. ಅವನ ಭುಜ ಎಣ್ಣೆ ಬಿಟ್ಟ ಕೀಲಿನ ಹಾಗೆ ಎತ್ತ ತಿರುಗಿಸಿದರೂ ತಿರುಗುತ್ತದೆ. ನಾನು ಒತ್ತಲು ಶುರುಮಾಡಿದರೆ ಎರಡೇ ನಿಮಿಷಕ್ಕೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಾನೆ. ಅಂಥ ಭುಜದಲ್ಲಿ ಬಿಗಿ ಎಲ್ಲಿ, ನೋವೆಲ್ಲಿ? ಮನೆಯಲ್ಲಿ ನಿನ್ನ ಭುಜ ಇತ್ತು. ಮೇಲಿನ ಕಪಾಟಿನ ಡಬ್ಬಿಗೆ ಕೈ ಎಟುಕುತ್ತಿಲ್ಲ ಅಂತ ನೀನೇ ಅಂದಿದ್ದೆ. ಮನೆಯವರ ಮೇಲೆ ಪ್ರಯೋಗ ಮಾಡಬಾರದು ಅಂತ ಕಾಲೇಜಿನಲ್ಲಿ ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ಕೇಳಲಿಲ್ಲ. 'ಬಾರೇ ಮೆಣಸಿನಕಾಯಿ, ಈ ಮುದಿ ಭುಜ ನಿನ್ನ ಹೋಂವರ್ಕಿಗೆ ಇರಲಿ' ಅಂತ ಕರೆದವಳು ನೀನು. ಎರಡು ತಿಂಗಳು, ದಿನಾ ಸಂಜೆ ಐದು ಗಂಟೆಗೆ, ಊಟದ ಮೇಜಿನ ಮೇಲೆ ಕಂಬಳಿ ಹಾಸಿ. 'ನೋವಾಗ್ತಿದೆಯಾ ಅಜ್ಜೀ, ಹತ್ತಕ್ಕೆ ಎಷ್ಟು?' ಅಂತ ಕೇಳಿದಾಗಲೆಲ್ಲ ನಿನ್ನದು ಒಂದೇ ಉತ್ತರ: 'ಸೊನ್ನೆ. ಹಾಯಾಗಿದೆ, ಇನ್ನೂ ಸ್ವಲ್ಪ ಒತ್ತು.' ನಾನು ಒತ್ತಿದೆ. ಮೊದಲ ವಾರ ಒಂದನೇ ದರ್ಜೆ, ಮೂರನೇ ವಾರಕ್ಕೆಲ್ಲ ನಾಲ್ಕು. ನನ್ನ ಕೈಗುಣ ನೋಡಿ ನನಗೇ ಹೆಮ್ಮೆ.

ಈಗ ಸೋಮವಾರಕ್ಕೆ ಬರುತ್ತೇನೆ. ಹಸಿರು ಪರದೆ ಎಳೆದ ಆರು ಮಂಚ, ಒಂದೊಂದರ ಮೇಲೆ ಒಬ್ಬೊಬ್ಬ ನಿಜವಾದ ರೋಗಿ. ನನ್ನ ಪಾಲಿಗೆ ಬಂದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಎಡ ಭುಜ ಹಿಡಿದುಕೊಂಡು ಐದು ತಿಂಗಳಾಗಿತ್ತಂತೆ. ಉಂಗುರ ತೆಗೆದೆ, ಅಂಗೈ ಉಜ್ಜಿ ಬಿಸಿ ಮಾಡಿಕೊಂಡೆ, ತೋಳಿನ ಕೆಳಗೆ ಟವೆಲ್ ಮಡಚಿ ಇಟ್ಟೆ. 'ಹತ್ತಕ್ಕೆ ಎಷ್ಟು ನೋವು?' ಅಂತ ಕೇಳಿದೆ. 'ಆರು ಇರಬಹುದಮ್ಮ' ಅಂದರು. ಆರು ಅಂದರೆ ಎಷ್ಟು ಅಂತ ನನ್ನ ಕೈಗೆ ಏನು ಗೊತ್ತು? ಅದು ಕಂಡಿದ್ದು ಬರೀ ಸೊನ್ನೆ. ಭುಜದ ತುದಿಗೆ ಕೈಯಿಟ್ಟು ತೋಳಿನ ಮೂಳೆಯ ಗುಂಡನ್ನು ಕೆಳಕ್ಕೆ ಜಾರಿಸಿದೆ, ನಿನಗೆ ಮಾಡುತ್ತಿದ್ದ ಹಾಗೇ, ಅಷ್ಟೇ ಭಾರ ಹಾಕಿ. ಆ ಮನುಷ್ಯ ಅರ್ಧ ಎದ್ದು ಕೂತು 'ಹೋಲ್ಡಾನ್! ಹೋಲ್ಡಾನ್!' ಅಂತ ಕಿರುಚಿದ ಸದ್ದಿಗೆ ಆರೂ ಪರದೆಗಳು ಒಟ್ಟಿಗೆ ಸರಿದವು. ಆಚೆ ಮಂಚದಲ್ಲಿದ್ದ ಗೂಟನಂತೂ ತನ್ನ ರೋಗಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕಂಡಕ್ಟರ ಕಣ್ಣಲ್ಲಿ ನೀರು ಬಂದಿತ್ತು ಅಜ್ಜೀ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿ, 'ಇಷ್ಟು ಭಾರ ಹಾಕೋದನ್ನ ಯಾರ ಮೇಲೆ ಕಲಿತೆ?' ಅಂತ ಕೇಳಿದರು. 'ನಮ್ಮಜ್ಜಿ ಮೇಲೆ ಸರ್. ಅವರು ಒಂದು ದಿನಾನೂ ನೋವು ಅಂದಿಲ್ಲ' ಅಂದೆ, ತಲೆಯೆತ್ತಿಕೊಂಡೇ ಅಂದೆ. ಅವರು ಹಾಳೆಯ ಮೇಲೆ ಏನೋ ಗೀಚಿ, 'ಹಾಗಾದ್ರೆ ನಿಮ್ಮಜ್ಜಿ ನಿನಗೆ ಕಲಿಸಿಲ್ಲಮ್ಮ, ನಿನ್ನ ಮುದ್ದು ಮಾಡಿದ್ದಾರೆ' ಅಂದರು. ನನಗೆ ಎಲ್ಲಿತ್ತೋ ಸಿಟ್ಟು! ನನ್ನನ್ನು ಬೈಯಲಿ, ಫೇಲ್ ಮಾಡಲಿ, ನನ್ನ ಅಜ್ಜಿಯನ್ನು ಅನ್ನಲು ಇವರು ಯಾರು? ಅರ್ಧ ಊರಿಗೆ ಲೆಕ್ಕ ಕಲಿಸಿದವಳು, ಯಾವ ಹುಡುಗನಿಗೂ ಒಂದು ಪುಗಸಟ್ಟೆ ಅಂಕ ಕೊಟ್ಟವಳಲ್ಲ, ಸ್ವಂತ ಮಗನನ್ನೇ ಏಳನೇ ತರಗತಿಯಲ್ಲಿ ಎರಡು ಅಂಕಕ್ಕೆ ಫೇಲ್ ಮಾಡಿ ಕೂರಿಸಿದವಳು! ಅವಳು ಮುದ್ದು ಮಾಡುವುದೆಂದರೇನು? ನಾಲಿಗೆ ತುದಿಗೆ ಬಂದಿತ್ತು. ಮೇಡಂ ಕಣ್ಣು ಬಿಟ್ಟರು, ನುಂಗಿಕೊಂಡೆ.

ಎರಡು ದಿನ ಉರಿದುಹೋದೆ. ಪರೀಕ್ಷಕರಿಗೆ ಬೈದೆ, ಕಂಡಕ್ಟರು ನಾಟಕ ಮಾಡಿದರು ಅಂದೆ, ಇನ್ನೊಂದು ಮಂಚ ಕೊಟ್ಟಿದ್ದರೆ ಪಾಸಾಗುತ್ತಿದ್ದೆ ಅಂದೆ. ಅಪ್ಪ ಪೇಪರಿನ ಹಿಂದಿನಿಂದಲೇ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಅಂದರು. ಎರಡು ಅಂಕಕ್ಕೆ ಕೂತವರಿಗೆ ಇದೆಲ್ಲ ಅನ್ನುವ ಹಕ್ಕಿದೆ ಅನ್ನು. ಅವರ ಜೊತೆ ಮಾತು ಬಿಟ್ಟೆ. ನಿನ್ನೆ ಸಂಜೆ ಯಾರ ಮುಖವೂ ಬೇಡವಾಗಿ ನಿನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮೂಗು ಒರೆಸಲು ಕರವಸ್ತ್ರ ಹುಡುಕುತ್ತಾ ಈ ಮೇಜಿನ ಡ್ರಾಯರು ಎಳೆದೆ. ಸಿಕ್ಕಿದ್ದು ಕರವಸ್ತ್ರವಲ್ಲ.

ಏನು ಸಿಕ್ಕಿತು ಅಂತ ನಿನಗೆ ಗೊತ್ತು. ಹೊರಡುವ ಗಡಿಬಿಡಿಯಲ್ಲಿ ಮರೆತು ಹೋಗಿದ್ದೀಯ. ನಿನ್ನ ಶಾಲೆಯ ಮರದ ಅಡಿಪಟ್ಟಿ, ಅದರ ತುದಿಗೆ ಬಿಳಿ ದಾರದಲ್ಲಿ ಸುತ್ತಿ ಸುತ್ತಿ ಕಟ್ಟಿದ ಬಾಚಣಿಗೆ. ಹಲ್ಲುಗಳ ನಡುವೆ ಇನ್ನೂ ಎರಡು ನರೆಗೂದಲು. ಕೈ ತಲೆಯವರೆಗೆ ಎತ್ತಲು ಆಗದವರು ಮಾತ್ರ ಬಾಚಣಿಗೆಗೆ ಇಂಥ ಹಿಡಿಕೆ ಕಟ್ಟಿಕೊಳ್ಳುತ್ತಾರೆ. ನಾನು ಶುರುಮಾಡುವ ಮೊದಲು ನಿನಗೆ ಮೇಲಿನ ಕಪಾಟು ಮಾತ್ರ ಎಟುಕುತ್ತಿರಲಿಲ್ಲ, ಜಡೆಯನ್ನು ನೀನೇ ಹೆಣೆದುಕೊಳ್ಳುತ್ತಿದ್ದೆ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರ ಮೇಲೆ ಸಿಟ್ಟಾಗಬೇಡ, ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. 'ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು ಕಣೇ. ಬಂದ ಹೊಸದ್ರಲ್ಲಿ ಬಟ್ಟೆ ಹಾಕ್ಕೊಳ್ಳೋಕೂ ಆಗ್ತಿರ್ಲಿಲ್ಲ, ಆ ಕಡೆ ಮಗ್ಗುಲಾಗಿ ಮಲಗೋಕೂ ಆಗ್ತಿರ್ಲಿಲ್ಲ. ಹುಡುಗಿಗೆ ಪರೀಕ್ಷೆ ಇದೆ, ಗೊತ್ತಾದ್ರೆ ಕೈ ನಡುಗುತ್ತೆ ಅಂದ್ರು' ಅಂದರು. ಅಂದರೆ ಮೂರು ವಾರದ ಹಿಂದೆ 'ನಿನ್ನ ಓದಿಗೆ ತೊಂದರೆಯಾಗಬಾರದು, ನಾಲ್ಕು ದಿನ ದೊಡ್ಡವನ ಮನೆಯಲ್ಲಿದ್ದು ಬರ್ತೀನಿ' ಅಂತ ಹೊರಟೆಯಲ್ಲ, ಅದು ಓದಿಗಲ್ಲ. ನನ್ನ ಕೈಯಿಂದ ತಪ್ಪಿಸಿಕೊಂಡು ಹೋದದ್ದು. ನಾನು ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಚೀಲ ಹಿಡಿದು, 'ಭುಜದ ವ್ಯಾಯಾಮ ತಪ್ಪಿಸಬೇಡ' ಅಂತ ಬುದ್ಧಿ ಬೇರೆ ಹೇಳಿದೆ. ನೀನು ತಲೆಯಾಡಿಸಿದೆ!

ಎಷ್ಟು ಧೈರ್ಯ ಅಜ್ಜೀ ನಿನಗೆ? ಪಕ್ಕದವನ ಸ್ಲೇಟು ನೋಡಿ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನೀನು. ತಪ್ಪು ಉತ್ತರಕ್ಕೆ ಸರಿ ಗುರುತು ಹಾಕುವುದು ಮಗುವಿಗೆ ಮಾಡುವ ದ್ರೋಹ ಅಂತ ಅಮ್ಮನಿಗೆ ಉಪದೇಶ ಮಾಡಿದವಳು ನೀನು. ಎರಡು ತಿಂಗಳು, ದಿನಾ, ನನ್ನ ತಪ್ಪಿಗೆ ಸರಿ ಗುರುತು ಹಾಕಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೆ ಹೆಗ್ಗಣ ಭುಜವನ್ನೇ ಕಡಿಯುತ್ತಿದ್ದರೂ ಸುಮ್ಮನಿರು ಅಂತ ಯಾರಾದರೂ ಹೇಳಿದ್ದಾರಾ? ಒಂದೇ ಒಂದು ಸಲ 'ಆ' ಅಂದಿದ್ದರೆ ಸಾಕಿತ್ತು. ಆ ಕಂಡಕ್ಟರು ಯಾರೋ ಏನೋ, ಒಂದೇ ಕೂಗಿನಲ್ಲಿ ನನಗೆ ಕಲಿಸಿದ್ದನ್ನು ನೀನು ಎರಡು ತಿಂಗಳು ಬಚ್ಚಿಟ್ಟೆ. ಪರೀಕ್ಷಕರು ಅಂದದ್ದು ನಿಜ ಅಂತ ಬರೆಯಲು ನನಗೆ ಎಷ್ಟು ಉರಿಯುತ್ತಿದೆ ಗೊತ್ತಾ?

ಆ ಮಗ್ಗಿ! ಅದನ್ನು ನೆನೆದರೆ ನನ್ನ ಮೇಲೇ ನನಗೆ ಸಿಟ್ಟು. ನಾನು ಒತ್ತುವಾಗ ನೀನು ಕಣ್ಣು ಮುಚ್ಚಿ ಮಗ್ಗಿ ಹೇಳುತ್ತಿದ್ದೆ. ಮೊದಲ ವಾರ ಏಳರದು, ಎಂಟರದು. ಆಮೇಲೆ ಹದಿಮೂರು. ಕೊನೆಕೊನೆಗೆ 'ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು' ಅಂತ ಹಲ್ಲು ಕಚ್ಚಿಕೊಂಡು. ಮುದುಕಿ ಎಷ್ಟು ಖುಷಿಯಾಗಿದ್ದಾಳೆ, ನೆನಪಿನ ಶಕ್ತಿ ಎಷ್ಟು ಗಟ್ಟಿಯಿದೆ ಅಂತ ನಾನು ಗೂಟನಿಗೆ ಹೇಳಿ ನಕ್ಕಿದ್ದೆ. ರೋಗಿಯ ಬಾಯಿಗಿಂತ ಮುಖ ನೋಡಿ, ಉಸಿರು ನೋಡಿ ಅಂತ ಮೇಡಂ ಬೋರ್ಡಿನ ಮೇಲೆ ಬರೆದದ್ದು ನನ್ನ ನೋಟ್ಸಿನಲ್ಲಿದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಎದುರಿಗೇ ಹದಿನೇಳರ ಮಗ್ಗಿ ನಡೆಯುತ್ತಿದ್ದರೂ ನನಗೆ ಕಾಣಲಿಲ್ಲ. ಆದ್ದರಿಂದ ತಪ್ಪು ನಿನ್ನೊಬ್ಬಳದೇ ಅಲ್ಲ. ಅರ್ಧ ಅಂತ ಇಟ್ಟುಕೋ. ಅರ್ಧಕ್ಕಿಂತ ಒಂದು ಗುಲಗಂಜಿ ಹೆಚ್ಚು ನನ್ನದು.

ಈಗ ಏನಾಗಿದೆ ಅಂದರೆ, ನನ್ನ ಕೈ ಯಾರ ಮೈಮೇಲೂ ಕೂರುತ್ತಿಲ್ಲ. ಇವತ್ತು ತರಗತಿಯಲ್ಲಿ ಗೂಟ ಅಂಗಿ ಬಿಚ್ಚಿ ಮಲಗಿದ. ಭುಜದಿಂದ ಒಂದು ಗೇಣು ಮೇಲೆ ನನ್ನ ಕೈ ನಿಂತುಬಿಟ್ಟಿತು. ಇವನು ನಿದ್ದೆ ಮಾಡುತ್ತಿದ್ದಾನೋ, ಒಳಗೊಳಗೇ ಮಗ್ಗಿ ಹೇಳಿಕೊಳ್ಳುತ್ತಿದ್ದಾನೋ, ಹೇಗೆ ನಂಬಲಿ? ಅವನು ಒಂದು ಕಣ್ಣು ತೆರೆದು 'ಏನಾಯ್ತೇ, ಒತ್ತೇ' ಅಂದ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಈ ಓದು ಬಿಟ್ಟುಬಿಡೋಣ ಅಂತ ಮೊದಲ ಸಲ ಅನ್ನಿಸಿತು. ಹೆದರಿಕೆ ಆಗುತ್ತಿದೆ ಅಜ್ಜೀ. ಸಿಟ್ಟಿನ ಕೆಳಗೆ ಇರುವುದು ಅದೇ. ನಿನ್ನ ಜಡೆಯನ್ನು ಕಿತ್ತುಕೊಂಡದ್ದು ನನ್ನ ಕೈ ಅಂತ ಗೊತ್ತಾದ ಮೇಲೆ ಅದನ್ನು ಎಲ್ಲಿ ಇಡಲಿ?

ಸಾಕು, ಇನ್ನು ಬರೆದರೆ ಅಕ್ಷರ ಕಲಸಿಹೋಗುತ್ತದೆ. ದೊಡ್ಡಪ್ಪನಿಗೆ, ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ನಿನಗೂ ನಮಸ್ಕಾರ, ಆದರೆ ಆಶೀರ್ವಾದ ಮಾಡಲು ಆ ಕೈ ಎತ್ತಬೇಡ, ಬಾಯಲ್ಲೇ ಅಂದರೆ ಸಾಕು. ರಾತ್ರಿ ಮಲಗುವಾಗ ತೋಳಿನ ಕೆಳಗೊಂದು ದಿಂಬು ಇಟ್ಟುಕೋ.

ಸಿಟ್ಟಿನಲ್ಲೇ ಇರುವ, ಆದರೂ ನಿನ್ನವಳೇ ಆದ,
ಮೆಣಸಿನಕಾಯಿ

ಮರೆತಿದ್ದೆ: ಮೆಟ್ಟಿಲ ಮೇಲೆ ಕೂತಿದ್ದಾಗ ಮೇಡಂ ಬಂದರು. ಬಾಚಣಿಗೆಯ ವಿಷಯದವರೆಗೂ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದರು ಕೂಡ. ಆಮೇಲೆ 'ಮರುಪರೀಕ್ಷೆಗೆ ಮೊದಲು ನಿಮ್ಮಜ್ಜೀನ ಕರ್ಕೊಂಡು ಬಾ. ನಾನು ನೋಡ್ತೀನಿ. ನಿನ್ನ ಕೈ ನನ್ನ ಕೈ ಕೆಳಗಿರ್ಲಿ' ಅಂದರು. ಇಪ್ಪತ್ತಮೂರನೇ ತಾರೀಕು, ಶನಿವಾರ, ಬೆಳಿಗ್ಗೆ ಹತ್ತಕ್ಕೆ. ದೊಡ್ಡಪ್ಪ ಕಾರಿನಲ್ಲಿ ಬಿಡುತ್ತಾರಂತೆ, ಮಾತಾಡಿದ್ದೇನೆ. ಹಿಂದಿನ ದಿನವೇ ಬಂದುಬಿಡು, ಬೆಳಿಗ್ಗೆ ಜಡೆ ನಾನು ಹಾಕುತ್ತೇನೆ. ಮೇಡಂ ಹತ್ತಕ್ಕೆ ಎಷ್ಟು ಅಂತ ಕೇಳುತ್ತಾರೆ. ನೀನು ಸೊನ್ನೆ ಅಂದರೆ ನಾನು ಅಲ್ಲಿಂದಲೇ ಎದ್ದು ಹೋಗುತ್ತೇನೆ, ಮರುಪರೀಕ್ಷೆಗೂ ಕೂರುವುದಿಲ್ಲ, ಇದು ಬೆದರಿಕೆಯಲ್ಲ. ಬಾಯಲ್ಲಿ ಹೇಳಲು ಆಗದಿದ್ದರೆ ಮಗ್ಗಿಯಲ್ಲೇ ಹೇಳು. ಹದಿನೇಳರವರೆಗೆ ಕಾಯಬೇಡ, 'ಎರಡೊಂದ್ಲಿ ಎರಡು' ಅಂದರೆ ಸಾಕು, ಕೈ ತೆಗೆದುಬಿಡುತ್ತೇನೆ.