ತಣ್ಣೀರಿನ ಬೋಗುಣಿ

ಅಕ್ಕಾ,

ನೀನು ಓದುವುದಿಲ್ಲ ಎಂದು ಗೊತ್ತು. ದೇವರ ಪಾದ ಸೇರಿದವರಿಗೆ ಅಂಚೆ ಮುಟ್ಟುವುದಿಲ್ಲ. ಆದರೂ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಸಿಟ್ಟು, ಅಳು ಹತೋಟಿಗೆ ಸಿಗದ ದೊಡ್ಡವರಿಗೆಂದು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಪಾಠವಿದೆ. "ಅಲ್ಲಿಗೆ ಹೋಗಮ್ಮ, ಇಲ್ಲಾಂದ್ರೆ ಮಗೂನ ನಿನ್ ಹತ್ರ ಬಿಡಲ್ಲ" ಎಂದಳು ಮಗಳು. ಮೊಮ್ಮಗುವಿಗಾಗಿ ಹೋಗುತ್ತಿದ್ದೇನೆ.

ಇವತ್ತು ಡಾಕ್ಟರಮ್ಮ ಎಲ್ಲರ ಮುಂದೆ ತಣ್ಣೀರಿನ ಬೋಗುಣಿ ಇಟ್ಟು, "ಸಿಟ್ಟು ನೆತ್ತಿಗೇರಿದಾಗ ಉಸಿರು ಹಿಡಿದು ಮುಖ ಮುಳುಗಿಸಿ. ಇದು ಪರೀಕ್ಷೆ ಮಾಡಿ ನೋಡಿರೋ ಉಪಾಯ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಯಾಕಮ್ಮ ನಗ್ತೀರಿ?"

"ನಮ್ಮಕ್ಕ ನನ್ನನ್ನ ಬಚ್ಚಲಿಗೆ ಎಳ್ಕೊಂಡು ಹೋಗಿ ಇದನ್ನೇ ಮಾಡ್ತಿದ್ಲು. 'ಬಾರೇ ಬೆಂಕಿಪೊಟ್ಣ, ಆರಿಸ್ತೀನಿ' ಅಂತಿದ್ಲು."

"ಆಗ ಸಿಟ್ಟು ಇಳೀತಿತ್ತಾ?"

"ಇಳೀತಿತ್ತು. ಆಮೇಲೆ ಅವಳ ಮೇಲೇ ಏರ್ತಿತ್ತು" ಎಂದೆ. ಎಲ್ಲರೂ ನಕ್ಕರು.

ದೇವರ ಹೆಸರು ಹೇಳಿಕೊಂಡು ಮುಖ ಮುಳುಗಿಸಿದೆ. ಎದೆಬಡಿತ ಮೆಲ್ಲಗೆ ಇಳಿಯಿತು. ತಲೆ ಎತ್ತಿದಾಗ ಜಡೆಯೆಲ್ಲ ಒದ್ದೆ. ಬಚ್ಚಲಲ್ಲಿ ನನ್ನ ಜಡೆ ಒಮ್ಮೆಯೂ ನೆನೆದಿರಲಿಲ್ಲ. ಒಂದು ಕೈಯಲ್ಲಿ ನನ್ನ ತಲೆ ಅದುಮುವಾಗ ಇನ್ನೊಂದು ಕೈಯಲ್ಲಿ ನೀನು ಅದನ್ನು ಎತ್ತಿ ಹಿಡಿದಿರುತ್ತಿದ್ದೆ, ಅಲ್ಲವೇ ಅಕ್ಕಾ?