ಗಾಜು ಬಿಟ್ಟು ಮುಂದೆ ಬಂದ ಚುಕ್ಕೆ

ಅಕ್ಕಾ,

ನಮ್ಮ ಸ್ಕ್ಯಾನಿಂಗ್ ಕೋಣೆಗೆ ಹೊಸ ಪರದೆ ಬಂದಿದೆ. ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ ಹೆಂಗಸರ ಎದೆಯ ಚಿತ್ರ ಗಾಜು ಬಿಟ್ಟು ಮುಂದೆ ಬಂದು ಗಾಳಿಯಲ್ಲಿ ನಿಲ್ಲುತ್ತದೆ. ಹಿಂದಿರುವುದು ಹಿಂದೆಯೇ ಕಾಣುತ್ತದೆ, ಮುಂದಿರುವುದು ಮುಂದೆ.

ಇವತ್ತು ಬೆಳಿಗ್ಗೆ ಹೊಲಿಗೆ ಕೆಲಸದ ಹೆಂಗಸೊಬ್ಬರು ಬಂದಿದ್ದರು. ನೀನು ತೀರಿಹೋದಾಗ ನಿನಗಿದ್ದಷ್ಟೇ ವಯಸ್ಸು. ಅವರ ಚಿತ್ರ ನೋಡುತ್ತಿದ್ದ ದೊಡ್ಡ ಡಾಕ್ಟರು, ಮೂವತ್ತು ವರ್ಷ ಎಕ್ಸ್-ರೇ ಫಿಲಂ ನೋಡಿ ಪಳಗಿದವರು, ಸುಮ್ಮನೆ ಕೈ ಚಾಚಿ ಗಾಳಿಯನ್ನು ಮುಟ್ಟಿದರು. ನಗು ತಡೆದುಕೊಂಡು ನಾನೂ ಕನ್ನಡಕ ಹಾಕಿಕೊಂಡೆ. ನನ್ನ ಕೈಯೂ ಅಲ್ಲಿಗೇ ಹೋಯಿತು. ಬಿಳಿ ಎಳೆಯೊಂದರ ಹಿಂದೆ ಸಾಸಿವೆ ಕಾಳಿನಷ್ಟು ಚುಕ್ಕೆ.

"ಹಳೇ ಫಿಲಂ ಆಗಿದ್ರೆ ಇದು ಕಾಣ್ತಾನೇ ಇರ್ಲಿಲ್ಲ," ಎಂದರು ಡಾಕ್ಟರು.

ನಿನ್ನ ಫಿಲಂ ದೀಪಕ್ಕೆ ಹಿಡಿದು "ಏನೂ ಇಲ್ಲ, ಮನೆಗೆ ಹೋಗು" ಎಂದವಳು ನಾನು. "ಕೈಯಲ್ಲಿರೋ ಕೀಲೀನೇ ಮನೆಯೆಲ್ಲ ಹುಡುಕೋಳು ನೀನು, ನಿನ್ನ ಕಣ್ಣನ್ನ ನಂಬ್ಲಾ?" ಎಂದು ನೀನು ನಕ್ಕಿದ್ದೆ. ಆದರೂ ನಂಬಿ ಹೋದೆ. ಆರು ತಿಂಗಳಿಗೆ ಗಡ್ಡೆ ಕೈಗೇ ಸಿಕ್ಕಿತು.

"ಸೂಜಿ ಹಾಕಿ ಪರೀಕ್ಷೆ ಮಾಡೋಣಮ್ಮ. ಕೆಟ್ಟದ್ದೇ ಆಗಿದ್ರೂ ಬೇಗ ಸಿಕ್ಕಿದೆ," ಎಂದರು ಡಾಕ್ಟರು ಆ ಹೊಲಿಗೆಯ ಹೆಂಗಸಿಗೆ.

"ಸೂಜಿಗೆಲ್ಲ ನಾನು ಹೆದರೋಳಲ್ಲ ಬಿಡಿ," ಎನ್ನುತ್ತಲೇ ಆಕೆ ಚೀಲ ಎತ್ತಿಕೊಂಡರು. "ಇನ್ನೊಂದಿನ ಬರ್ತೀನಿ."

"ಮನೆಗೆ ಆಮೇಲೆ ಹೋಗಿ," ಎಂದು ಕೈ ಹಿಡಿದು ಕೂರಿಸಿದೆ.

ಅವರ ಕೈ ಬೆಚ್ಚಗಿತ್ತು, ಅಕ್ಕಾ.