ಡ್ರಮ್ ನಿಲ್ಲಿಸದ ಹುಡುಗಿಗೆ ನೀವು ಕೊಟ್ಟ ಪದಕ

ಹಾಗಾದರೆ ಗೆಳತಿ ಕುಸಿದು ಬಿದ್ದ ಮೇಲೂ ನನ್ನ ಮಗಳು ಡ್ರಮ್ ಬಾರಿಸುವುದನ್ನು ನಿಲ್ಲಿಸಲಿಲ್ಲ ಎಂಬುದು ತಮ್ಮ ಪ್ರಕಾರ ಶಿಸ್ತು, ಅಲ್ಲವೇ ಮಾನ್ಯರೇ? ಕವಾಯತು ಬ್ಯಾಂಡ್ ಸಂಘದ ಅಧ್ಯಕ್ಷರಾದ ತಾವು ಬಹುಮಾನದ ದಿನ ವೇದಿಕೆ ಹತ್ತಿ, ಮೈಕನ್ನು ಒಮ್ಮೆ ಊದಿ ನೋಡಿ, “ಆಜ್ಞೆ ಬರುವ ತನಕ ಕೈ ನಿಲ್ಲಿಸದ ಹುಡುಗಿ ಇವಳು, ಇಂಥ ಮಕ್ಕಳೇ ನಮ್ಮ ಸಂಘದ ಬೆನ್ನೆಲುಬು” ಎಂದು ಹೊಗಳಿ ಅವಳ ಕೊರಳಿಗೆ ಪದಕ ಹಾಕಿದಿರಿ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಪೂರ್ತಿ ಕಥೆ ಗೊತ್ತಿಲ್ಲದ ನಾನೂ ತಟ್ಟಿದೆ, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ. ಹೊಡೆದ ಚಪ್ಪಾಳೆಯನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ತಮ್ಮ ಕಚೇರಿಯಲ್ಲಿದ್ದರೆ ದಯವಿಟ್ಟು ತಿಳಿಸಿ. ಸಾಲಿನಲ್ಲಿ ಮೊದಲು ನಾನೇ ನಿಲ್ಲುತ್ತೇನೆ.

ನಾನು ಯಾರು ಎಂದು ಕೇಳುತ್ತೀರಿ. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ತೆಗೆಯುವ ಡೆಂಟಿಂಗ್ ಕೆಲಸದವನು. ಶಾಲೆಯನ್ನು ನಾನು ಬಿಟ್ಟೆನೋ, ಶಾಲೆ ನನ್ನನ್ನು ಬಿಟ್ಟಿತೋ ಎಂಬ ಬಗ್ಗೆ ನನಗೂ ನನ್ನ ಅಣ್ಣನಿಗೂ ಇವತ್ತಿನವರೆಗೆ ವಾದವಿದೆ. ಆದ್ದರಿಂದ ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯವನ್ನು ಮಾತ್ರ ತಿದ್ದಬೇಡಿ. ಮಗಳು ನಡೆಯಲು ಕಲಿತಿದ್ದು ನನ್ನ ಶೆಡ್ಡಿನಲ್ಲಿ, ಬಡಿಯಲು ಕಲಿತಿದ್ದೂ ಅಲ್ಲೇ. ಬೋರಲು ಹಾಕಿದ ಬಕೆಟ್ಟಿನ ಮುಂದೆ ಹಳೇ ಟೈರಿನ ಮೇಲೆ ಕೂತು, ನನ್ನ ಸುತ್ತಿಗೆಗೆ ಸರಿಯಾಗಿ ಸ್ಪ್ಯಾನರಿನಲ್ಲಿ ತಾಳ ಹಾಕುತ್ತಿದ್ದಳು. ಗಿರಾಕಿಗಳು ಕಾರು ಕೇಳಲು ಬಂದವರು ಕಾರು ಮರೆತು ನಿಲ್ಲುತ್ತಿದ್ದರು. “ಏನಯ್ಯಾ, ಅಪ್ಪ ಮಗಳು ಸೇರಿ ನನ್ನ ಬಾನೆಟ್ ಮೇಲೆ ಕಛೇರಿ ಮಾಡ್ತಾ ಇದೀರಾ?” ಎಂದರೆ ನಾನು, “ಸಂಗೀತ ಪುಕ್ಕಟೆ ಸ್ವಾಮಿ, ಅದಕ್ಕೇ ಕೆಲಸ ತಡ” ಅನ್ನುತ್ತಿದ್ದೆ. ಅಂಥವಳು ಈಗ ಮನೆಯಲ್ಲಿ ನಾನು ಮೇಜಿನ ಮೇಲೆ ಬೆರಳು ಆಡಿಸಿದರೂ, “ಅಪ್ಪಾ, ಬೇಡ” ಎನ್ನುತ್ತಾಳೆ.

ತಮ್ಮ ಸಂಘಕ್ಕೆ ಅವಳನ್ನು ಸೇರಿಸಿದಾಗ ಅಲ್ಲಿ ಒಬ್ಬ ಮೇಷ್ಟ್ರಿದ್ದರು. ಮಕ್ಕಳೆಲ್ಲ ಅವರನ್ನು ನಿಧಾನದ ಮೇಷ್ಟ್ರು ಎಂದು ಕರೆಯುತ್ತಿದ್ದರು, ಅವರ ಎದುರಿಗೇ. ಮಕ್ಕಳು ವಾದ್ಯ ಮುಟ್ಟುವ ಮೊದಲು ತಮ್ಮ ತಮ್ಮ ಪಾಲನ್ನು ಬಾಯಲ್ಲಿ ಗುನುಗುತ್ತಾ ಮೈದಾನದಲ್ಲಿ ನಡೆಯಬೇಕು. ಡ್ರಮ್ಮಿನವರು “ಧಂ ಧಂ” ಅನ್ನಬೇಕು, ತುತ್ತೂರಿಯವರು “ಪಪ್ಪರಪ” ಅನ್ನಬೇಕು. ಗೋದಾಮಿನ ಹಿಂದಿನ ಆ ಸಿಮೆಂಟ್ ಮೈದಾನದಲ್ಲಿ ಅಷ್ಟು ದೊಡ್ಡ ಮಕ್ಕಳು ಸಾಲಾಗಿ ಪಪ್ಪರಪ ಎನ್ನುತ್ತಾ ನಡೆಯುವುದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಮೇಷ್ಟ್ರೂ ನಗುತ್ತಿದ್ದರು. ಯಾರಾದರೂ ಹೆಜ್ಜೆ ತಪ್ಪಿದರೆ, “ನಾನೇ ಅವಸರ ಮಾಡಿದೆ, ಬನ್ನಿ, ಹಿಂದಿನ ತಿರುವಿಂದ ಶುರು ಮಾಡೋಣ” ಅನ್ನುತ್ತಿದ್ದರು. ಬ್ಯಾಂಡು ಮೈದಾನದಲ್ಲಿ ತಿರುಗಬೇಕಾದರೆ ದೊಡ್ಡ ಡ್ರಮ್ಮು ಸೂಚನೆ ಕೊಡುತ್ತದೆ, ತಮಗೆ ಗೊತ್ತೇ ಇದೆ. ಅವರ ಪದ್ಧತಿಯಲ್ಲಿ ಎರಡು ಪೆಟ್ಟು: ಮೊದಲನೆಯದು ಎಚ್ಚರಕ್ಕೆ, ಎರಡನೆಯದು ತಿರುಗುವುದಕ್ಕೆ. ದೊಡ್ಡ ಡ್ರಮ್ಮು ಹೊತ್ತವಳು ನನ್ನ ಮಗಳು. ಇಡೀ ಬ್ಯಾಂಡು ತನ್ನ ಕೈಯನ್ನು ನಂಬಿ ತಿರುಗುತ್ತದೆ ಎಂಬ ಹೆಮ್ಮೆಗೆ ಅವಳು ಊಟ ಮಾಡುವಾಗಲೂ ಬೆನ್ನು ಬಾಗಿಸುತ್ತಿರಲಿಲ್ಲ.

ಆ ವರ್ಷ ಬ್ಯಾಂಡಿಗೆ ಬಹುಮಾನ ಬರಲಿಲ್ಲ. ನಿಧಾನದ ಮೇಷ್ಟ್ರಿಗೆ ಫೋನಿನಲ್ಲೇ “ನಾಳೆಯಿಂದ ಬರಬೇಡಿ” ಎಂದು ಹೇಳಲಾಯಿತು. ಮಕ್ಕಳಿಗೆ ಅದನ್ನೂ ಹೇಳಲಿಲ್ಲ. ಮಾರನೇ ದಿನ ಅವರ ಜಾಗದಲ್ಲಿ ಬೇರೆಯವರು ನಿಂತಿದ್ದರು. ಅವರು ಮೊಣಕಾಲು ಎತ್ತಿ ನಡೆಯಿರಿ ಎಂದರು, ಹೋದರು. ಆಮೇಲೆ ಬಂದವರು ಎತ್ತಿದ್ದು ಸಾಕು, ಹಿಮ್ಮಡಿ ಮೊದಲು ಊರಿ ಎಂದರು, ಅವರೂ ಹೋದರು. ಸೋತರೆ ತಾವು ಕಳಿಸುತ್ತೀರಿ, ಗೆದ್ದರೆ ಬೇರೆ ಸಂಘದವರು ಕರೆದುಕೊಂಡು ಹೋಗುತ್ತಾರೆ. ಬಾಡಿಗೆಗೆ ತಂದ ಕುರ್ಚಿಯಾದರೂ ಸಮಾರಂಭ ಮುಗಿಯುವ ತನಕ ನಿಲ್ಲುತ್ತದೆ ಮಾನ್ಯರೇ, ತಮ್ಮ ಮೇಷ್ಟ್ರುಗಳು ಅಷ್ಟೂ ನಿಲ್ಲಲಿಲ್ಲ. ನನ್ನ ಮಗಳು ಮನೆಯ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತಿರುತ್ತಿದ್ದಳು. “ಏನಮ್ಮಾ, ಕೊಕ್ಕರೆ ಆದ್ಯಾ?” ಎಂದರೆ, “ಇವತ್ತು ಯಾವ ಮೇಷ್ಟ್ರ ಹೆಜ್ಜೆ ಅಂತ ಯೋಚ್ನೆ ಮಾಡ್ತಾ ಇದೀನಪ್ಪಾ” ಅನ್ನುತ್ತಿದ್ದಳು. ನಕ್ಕೆವು. ಆಗಿನ್ನೂ ಮನೆಯಲ್ಲಿ ನಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕೊನೆಗೆ ಬಂದವರು ಸೀಟಿ ಮೇಷ್ಟ್ರು. ಸೀಟಿ ಅವರ ಬಾಯಿಂದ ಇಳಿದದ್ದನ್ನು ಕಂಡವರಿಲ್ಲ, ಮಾತನ್ನೂ ಅದರ ಪಕ್ಕದಿಂದಲೇ ಆಡುತ್ತಿದ್ದರು. ಅವರು ಒಂದು ಹೊಸ ನಿಯಮ ತಂದರು. ತಪ್ಪು ಮಾಡಿದವರಿಗೆ ಶಿಕ್ಷೆ ಇಲ್ಲ! ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ತಪ್ಪು ಮಾಡಿದವರು ಒಂದು ಕಡೆ ನಿಂತು ತಾಳ ಹಾಕಬೇಕು, ಆ ತಾಳಕ್ಕೆ ಉಳಿದವರೆಲ್ಲ ವಾದ್ಯ ಹೊತ್ತುಕೊಂಡು ಮೈದಾನ ಸುತ್ತಬೇಕು. ಮೇಷ್ಟ್ರು “ಸಾಕು” ಅನ್ನುವ ತನಕ ತಾಳ ನಿಲ್ಲುವಂತಿಲ್ಲ, ನಿಧಾನವಾಗುವಂತೆಯೂ ಇಲ್ಲ. ನಿಂತರೆ ಓಟ ಮತ್ತೆ ಮೊದಲಿನಿಂದ. ಹೊಡೆತವಿಲ್ಲ, ಬೈಗುಳವಿಲ್ಲ, ಯಾರ ಮೈಮೇಲೂ ಒಂದು ಬರೆಯಿಲ್ಲ. ಮಗುವಿನ ಕೈಯಿಂದಲೇ ಅದರ ಸ್ನೇಹಿತರನ್ನು ಓಡಿಸುವ ಈ ಉಪಾಯ ಕಂಡುಹಿಡಿದವರಿಗೆ ಯಾವ ಪದಕ ಕೊಟ್ಟಿರಿ?

ಆ ದಿನ ನೆತ್ತಿ ಸುಡುವ ಬಿಸಿಲು. ಸ್ಪರ್ಧೆ ಹತ್ತಿರ ಬಂದಿದೆ ಎಂದು ಮಕ್ಕಳಿಗೆ ಕತ್ತಿನವರೆಗೆ ಗುಂಡಿ ಹಾಕುವ ಪೂರ್ತಿ ಸಮವಸ್ತ್ರ ತೊಡಿಸಿದ್ದರು. ಸೀಟಿ ಮೇಷ್ಟ್ರ ಪದ್ಧತಿಯಲ್ಲಿ ತಿರುವಿಗೆ ಒಂದೇ ಪೆಟ್ಟು. ನನ್ನ ಮಗಳ ಕೈ ಹಳೇ ಅಭ್ಯಾಸದಲ್ಲಿ ಎರಡು ಪೆಟ್ಟು ಹಾಕಿತು. ಹೊಸ ಮಕ್ಕಳು ಮೊದಲ ಪೆಟ್ಟಿಗೇ ತಿರುಗಿದರು, ಹಳಬರು ಎರಡನೆಯದಕ್ಕೆ ತಿರುಗಿದರು. ಸಾಲು ಸಾಲಿಗೆ ಡಿಕ್ಕಿಯಾಯಿತು. ಅಷ್ಟೇ ತಪ್ಪು. ಅದು ಅವಳ ತಪ್ಪೋ, ಒಂದೇ ಬ್ಯಾಂಡಿಗೆ ಮೇಲಿಂದ ಮೇಲೆ ಮೇಷ್ಟ್ರನ್ನು ಬದಲಾಯಿಸಿದವರದೋ?

ಅವಳನ್ನು ಗೋಡೆಯ ಹತ್ತಿರ ನಿಲ್ಲಿಸಿದರು. ಬ್ಯಾಂಡೆಲ್ಲ ಓಡತೊಡಗಿತು. ಅದರಲ್ಲಿ ತುತ್ತೂರಿ ಹುಡುಗಿಯೂ ಇದ್ದಳು. ನನ್ನ ಮಗಳ ಜೀವದ ಗೆಳತಿ, ನಮ್ಮ ಮನೆಯ ಕನ್ನಡಿಯಲ್ಲೇ ತಲೆ ಬಾಚಿಕೊಂಡು ಅಭ್ಯಾಸಕ್ಕೆ ಹೋಗುತ್ತಿದ್ದವಳು. ಮೊದಲ ಸುತ್ತಿನಲ್ಲಿ ಅವಳು ಮಗಳ ಮುಂದೆ ಹಾದುಹೋಗುವಾಗ ನಾಲಿಗೆ ಚಾಚಿ ಅಣಕಿಸಿದಳಂತೆ, ಬೇಜಾರು ಮಾಡ್ಕೋಬೇಡ ಅಂತ. ಆಮೇಲಿನ ಸುತ್ತುಗಳಲ್ಲಿ ಅವಳು ಮುಖ ಎತ್ತಲಿಲ್ಲ. ಆಮೇಲೆ ತುತ್ತೂರಿ ಸಮೇತ ಸಿಮೆಂಟಿನ ಮೇಲೆ ಬಿದ್ದಳು. ಪ್ರಜ್ಞೆ ತಪ್ಪಿತ್ತು, ಮಂಡಿಯ ಚಿಪ್ಪು ಒಡೆದಿತ್ತು. ಮೇಷ್ಟ್ರು ಅವಳನ್ನು ಎತ್ತಿಕೊಂಡು ಕಾರಿನ ಕಡೆ ಓಡಿದರು, ಮಕ್ಕಳೆಲ್ಲ ಹಿಂದೆ ಓಡಿದರು. “ಸಾಕು” ಎನ್ನುವುದನ್ನು ಮೇಷ್ಟ್ರು ಮರೆತರು.

ನನ್ನ ಮಗಳು ಬಾರಿಸುತ್ತಲೇ ಇದ್ದಳು ಮಾನ್ಯರೇ. ತಾನು ನಿಲ್ಲಿಸಿದರೆ ಗೆಳತಿ ಎದ್ದು ಮತ್ತೆ ಮೊದಲಿನಿಂದ ಓಡಬೇಕಾಗುತ್ತದೆ ಎಂಬ ಹೆದರಿಕೆ. ಬುದ್ಧಿ ಅಲ್ಲಿ ಕೆಲಸ ಮಾಡುವುದಿಲ್ಲ, ನಿಯಮ ಮಾತ್ರ ಕೆಲಸ ಮಾಡುತ್ತದೆ. ಖಾಲಿ ಮೈದಾನಕ್ಕೆ ತಾಳ ಹಾಕುತ್ತಿದ್ದವಳನ್ನು ಕಂಡದ್ದು ಕಸ ಗುಡಿಸುವ ಅಜ್ಜಿ. ಆಕೆ ಪೊರಕೆ ಬಿಸಾಕಿ ಬಂದು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡು, “ಸಾಕು ಬಿಡು ಮಗಳೇ, ಯಾರೂ ಇಲ್ಲ ಇಲ್ಲಿ, ಕೊಡು ಆ ಕೋಲು” ಎಂದು ಬಿಡಿಸಿಕೊಂಡರಂತೆ. ಆ ಅಜ್ಜಿ ಇದನ್ನು ಅಳುತ್ತಾ ನಾಲ್ಕು ಜನಕ್ಕೆ ಹೇಳಿದ್ದಾರೆ. ಅದು ಬಾಯಿಂದ ಬಾಯಿಗೆ ಹೋಗಿ ತಮ್ಮ ಕಿವಿ ಮುಟ್ಟುವಷ್ಟರಲ್ಲಿ ಶಿಸ್ತಿನ ಕಥೆಯಾಗಿಬಿಟ್ಟಿದೆ.

ಮನೆಯಲ್ಲಿ ಮಗಳು ಹೇಳಿದ್ದು “ಅವಳು ಬಿಸಿಲಿಗೆ ಬಿದ್ದಳು” ಎಂದಷ್ಟೇ. ಬ್ಯಾಂಡು ಸ್ಪರ್ಧೆ ಗೆದ್ದಿತು. ಪದಕ ಹಾಕಿಸಿಕೊಂಡ ದಿನ ಅವಳು ವೇದಿಕೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ನಾನು ಬೆನ್ನು ಸವರುತ್ತಾ, “ಪದಕ ಅಷ್ಟೊಂದು ಭಾರ ಇದ್ಯಾ, ಕೊಡು ನಾನು ಹಾಕ್ಕೋತೀನಿ” ಎಂದೆ. ನನಗೆ ಬರುವುದು ಅದೊಂದೇ. ಅವಳು ನನ್ನ ಮುಖ ನೋಡಿ, “ಅಪ್ಪಾ, ಅವಳನ್ನ ಓಡಿಸಿದ್ದು ನಾನು” ಎಂದಳು. ಆಮೇಲೆ ಇದೆಲ್ಲ ಹೊರಗೆ ಬಂತು.

ಮರುದಿನ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಮೇಜಿನ ಹಿಂದಿದ್ದ ಗುಮಾಸ್ತರು ಬಹುಮಾನದ ಕಪ್ಪುಗಳಿಗೆ ಪಾಲಿಶ್ ಮಾಡುತ್ತಾ ಕೂತಿದ್ದರು.

“ಆ ಮೇಷ್ಟ್ರು ಈಗ ನಮ್ಮಲ್ಲಿಲ್ಲ ಕಣ್ರೀ. ಗೆದ್ದ ವಾರಾನೇ ಬೇರೆ ಕಡೆ ಹೋದ್ರು.”

“ಸರಿ ಸ್ವಾಮಿ, ಆ ನಿಯಮ? ಅದೂ ಅವರ ಜೊತೆ ಹೋಯ್ತಾ?”

“ಹೊಸ ಮೇಷ್ಟ್ರು ಬಂದಿದ್ದಾರೆ. ಅವರಿಗೆ ಹಳೇದೆಲ್ಲ ಗೊತ್ತಿಲ್ಲ.”

“ಹಾಗಾದ್ರೆ ನಾನು ಯಾರನ್ನ ಕೇಳ್ಬೇಕು?”

“ನಿಮ್ಮ ಹುಡುಗಿಗೆ ಪದಕ ಬಂದಿದೆಯಲ್ರೀ. ಇನ್ನೇನು ಬೇಕು ನಿಮಗೆ?”

ಇನ್ನೇನು ಬೇಕು! ತಮ್ಮ ಸಂಘದ ಚಾಲಾಕಿತನ ನನಗೆ ಅರ್ಥವಾದದ್ದು ಆಗ. ಮೇಷ್ಟ್ರು ಬರುತ್ತಾರೆ, ಹೋಗುತ್ತಾರೆ. ಹೋದವರು ಹೊಣೆಯಲ್ಲ, ಬಂದವರಿಗೆ ಗೊತ್ತಿಲ್ಲ, ಇದ್ದವರು ಸಭೆಯಲ್ಲಿರುತ್ತಾರೆ. ಉಳಿದುಕೊಳ್ಳುವವರು ಮಕ್ಕಳು ಮಾತ್ರ. ದೊಡ್ಡವರು ಮಾಡಿ ಬಿಟ್ಟುಹೋದದ್ದನ್ನೆಲ್ಲ ಅವರೇ ಹೊತ್ತುಕೊಂಡು ನಿಂತಿರಬೇಕು. ಬಿಗಿ ಮಾಡದೆ ಬಹುಮಾನ ಬರುವುದಿಲ್ಲ ಎನ್ನುತ್ತಾರೆ ತಮ್ಮವರು. ಇರಬಹುದು. ನಾನು ದಿನವಿಡೀ ತಗಡಿಗೆ ಬಡಿಯುವವನು, ಬಡಿಯುವುದೇ ತಪ್ಪು ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಬಿಗಿ ಮಾಡಿದವರು ಬಿಟ್ಟ ಮೇಲೆ ಏನಾಯಿತು ಎಂದು ತಿರುಗಿ ನೋಡುವುದಕ್ಕಾದರೂ ಒಬ್ಬರು ಇರಬೇಡವೇ? ಬಡಿದು ಹಾಗೇ ರಸ್ತೆಗೆ ತಳ್ಳಿದರೆ ಕಾರಿನ ಯಜಮಾನರೂ ನನ್ನ ಕತ್ತಿನ ಪಟ್ಟಿ ಹಿಡಿಯುತ್ತಾರೆ. ತಮ್ಮ ಕತ್ತಿನ ಪಟ್ಟಿ ಎಲ್ಲಿದೆ ಮಾನ್ಯರೇ, ಯಾರಿಗೂ ಕೈಗೆ ಸಿಗುವುದಿಲ್ಲವಲ್ಲ?

ತುತ್ತೂರಿ ಹುಡುಗಿ ಈಗ ಊರುಗೋಲಿನಲ್ಲಿ ಓಡಾಡುತ್ತಿದ್ದಾಳೆ. ಅವಳ ತಾಯಿ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಜಗಳಕ್ಕೇ ಬಂದಿರಬೇಕು ಎಂದು ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಿಂತಳು. ಆಕೆ ಒಳಗೆ ಬಂದು ಕೂತು, “ನಿಮ್ಮ ಹುಡುಗಿ ಯಾಕೆ ಬರಲ್ಲ ಅಂತ ನಮ್ಮವಳು ದಿನಾ ಬಾಗಿಲು ನೋಡ್ತಾಳೆ. ಒಂದ್ಸಲ ಕಳಿಸಿ” ಎಂದರು. ಮಗಳು ಕೋಣೆಯ ಒಳಗಿಂದಲೇ ಕೇಳಿಸಿಕೊಂಡಳು. ಆಕೆ ಹೋದ ಮೇಲೆ ನಾನು, “ಹೋಗಿ ಬಾರಮ್ಮ, ಅವಳಿಗೆ ಕೋಪ ಇಲ್ವಂತೆ” ಎಂದೆ.

“ಹೋಗಿ ಏನಂತ ಹೇಳ್ಲಪ್ಪಾ?”

“ನಿಂದೇನೂ ತಪ್ಪಿಲ್ಲ ಕಣೇ. ನಿನಗೆ ಹಾಗೆ ಹೇಳಿದ್ರು, ನೀನು ಮಾಡ್ದೆ.”

“ನೀನು ನನ್ನಪ್ಪ. ನೀನು ಹಾಗೇ ಹೇಳ್ತೀಯ. ಅವ್ರು ಎಲ್ರೆದುರಿಗೆ ಚೆನ್ನಾಗಿ ಮಾಡ್ದೆ ಅಂದ್ರಲ್ಲ.”

ಇಷ್ಟು ವರ್ಷ ಅವಳು ಬಿದ್ದಾಗ, ಜ್ವರ ಬಂದಾಗ, ಪರೀಕ್ಷೆಯಲ್ಲಿ ನಪಾಸಾದಾಗ ಒಂದು ತಮಾಷೆ ಹೇಳಿ ಎಬ್ಬಿಸಿದ್ದೇನೆ. ಇದಕ್ಕೆ ನನ್ನ ಮಾತು ನಡೆಯುತ್ತಿಲ್ಲ. ಅಪ್ಪನ ಮಾತು ಮನೆಯೊಳಗಿನದು, ಅಧ್ಯಕ್ಷರದು ಮೈಕಿನಲ್ಲಿ ಬಂದದ್ದು.

ಆದ್ದರಿಂದ ಕೇಳುತ್ತಿದ್ದೇನೆ. ಒಬ್ಬ ಮೇಷ್ಟ್ರನ್ನು ತಂದರೆ, ಅವರ ಕೈಕೆಳಗೆ ಸೇರಿದ ಮಕ್ಕಳು ಕಲಿತು ಮುಗಿಸುವ ತನಕ ಅವರನ್ನು ಉಳಿಸಿಕೊಳ್ಳಿ, ಬಹುಮಾನ ಬರಲಿ ಬಿಡಲಿ. ಹೋಗಲೇಬೇಕಾದರೆ ಮಕ್ಕಳ ಎದುರು ನಿಂತು ಹೇಳಿ ಹೋಗಲಿ. ಒಬ್ಬರ ತಾಳಕ್ಕೆ ಉಳಿದವರನ್ನು ಓಡಿಸುವ ಆ ನಿಯಮ ಇನ್ನೂ ಜಾರಿಯಲ್ಲಿದೆ. ಹೊಸ ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೂ ಹಳೇ ಮಕ್ಕಳು ತಪ್ಪಿದಾಗ ತಾವಾಗಿಯೇ ಹೋಗಿ ಗೋಡೆಯ ಹತ್ತಿರ ನಿಲ್ಲುತ್ತಾರಂತೆ. ಅದನ್ನು ಬಾಯಿಬಿಟ್ಟು ರದ್ದು ಮಾಡಿ. ಕೊನೆಯದಾಗಿ, ತಾವು ಒಮ್ಮೆ ನಮ್ಮ ಮನೆಗೆ ಬನ್ನಿ. ಮೈಕು ಬೇಡ, ವೇದಿಕೆ ಬೇಡ, ನನ್ನ ಹತ್ತಿರ ಕ್ಷಮೆಯೂ ಬೇಡ. ಅವಳ ಎದುರು ಕೂತು, “ಓಡಿಸಿದ್ದು ನೀನಲ್ಲ ಮಗು, ನಾವು” ಎಂದು ಹೇಳಿ ಎದ್ದು ಹೋಗಿ. ಅಷ್ಟು ಮಾತಿಗೆ ಸಭೆಯ ಒಪ್ಪಿಗೆ ಬೇಕೇ? ಬೇಕಿದ್ದರೆ ಬೇಗ ಸಭೆ ಕರೆಯಿರಿ. ತುತ್ತೂರಿ ಹುಡುಗಿ ಇನ್ನೂ ಬಾಗಿಲು ನೋಡುತ್ತಿದ್ದಾಳೆ. ಎಷ್ಟು ದಿನ ನೋಡುತ್ತಾಳೋ ನನಗೆ ಗೊತ್ತಿಲ್ಲ. ಮಕ್ಕಳ ಸ್ನೇಹ ಬಹಳ ದಿನ ಕಾಯುವುದಿಲ್ಲ, ಒಂದು ದಿನ ಸುಮ್ಮನೆ ಬೇರೆ ಕಡೆ ತಿರುಗಿಬಿಡುತ್ತದೆ. ಆಮೇಲೆ ತಾವು ಬಂದು ಏನು ಹೇಳಿದರೂ...

“ಏನ್ರೀ, ಎಷ್ಟೊತ್ತಿಂದ ಕೂಗ್ತಾ ಇದೀನಿ, ಊಟ ಆರಿ ಹೋಗ್ತಾ ಇದೆ. ಬರೆದಿದ್ದು ಸಾಕು, ಏಳಿ.”

“ಮಗಳು ಊಟಕ್ಕೆ ಬಂದಳಾ?”

“ಬಾಗಿಲು ಹಾಕ್ಕೊಂಡಿದ್ದಾಳೆ. ನೀವೇ ಕರೀರಿ. ಏನಾದ್ರೂ ನಗಿಸಿ ಕರೀರಿ.”

ಹೆಂಡತಿ ಕರೆಯುತ್ತಿದ್ದಾಳೆ, ಏಳುತ್ತೇನೆ ಮಾನ್ಯರೇ. ಏನು ಹೇಳಿ ಕರೆಯುವುದೋ, ಇನ್ನೂ ಹೊಳೆದಿಲ್ಲ.

ಇಂತಿ,
ಮಗಳ ಕೋಣೆಯ ಹೊರಗೆ ನಿಂತಿರುವ ಒಬ್ಬ ಅಪ್ಪ